ಕೊನೆಯ ಸಲ ಬೇಕೆಂದವರು

ಜೂನ್ 2, ಸೋಮವಾರ

ಮನೆಯಲ್ಲಿ ತೀರ್ಪು ಹೊರಬಿದ್ದಿದೆ. ಹಿಂದಿನ ಕೋಣೆಯಲ್ಲಿ ಒಂದೋ ನನ್ನ ಸಂಗೀತದ ಹಾಳೆಗಳು ಇರಬೇಕು, ಇಲ್ಲವೇ ನನ್ನ ಅತ್ತೆ ಇರಬೇಕು. ತೀರ್ಪು ಕೊಟ್ಟವಳು ಹೆಂಡತಿ. ಮೇಲ್ಮನವಿಗೆ ಅವಕಾಶವಿಲ್ಲ.

ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಗುರುವಾರ ಆಸ್ಪತ್ರೆಯಿಂದ ಬಿಡುತ್ತಾರೆ. ಆರು ವಾರ ಇಲ್ಲಿರುತ್ತಾಳೆ, ಅಷ್ಟರೊಳಗೆ ಭಾವಮೈದ ತನ್ನ ಮೂರನೇ ಮಹಡಿಯ ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸಿ ಕರೆದುಕೊಂಡು ಹೋಗುತ್ತಾನೆ ಎಂದು ಮೊದಲು ಮಾತಾಗಿತ್ತು. ಈಗ ಇವಳು, ಅಮ್ಮ ಇಲ್ಲೇ ಇದ್ದುಬಿಡಲಿ ಎನ್ನುತ್ತಿದ್ದಾಳೆ. ಆರು ವಾರಕ್ಕಾದರೆ ಕಟ್ಟುಗಳ ನಡುವೆ ಹೇಗೋ ಒಂದು ಮಂಚ ತೂರಿಸಬಹುದು. ಕಾಯಂ ಇರಬೇಕೆಂದರೆ ವಾಕರ್ ಹಿಡಿದು ಓಡಾಡಲು ಜಾಗ ಬೇಕಂತೆ.

"ಆ ಕೋಣೇಲಿ ಏನಿದೆ ಅಂತ ನಿಮಗೇ ಗೊತ್ತಿಲ್ಲ," ಅಂದಳು.

"ಪ್ರತಿಯೊಂದು ಹಾಳೇನೂ ಗೊತ್ತು."

"ಹಾಗಾದ್ರೆ ಪಟ್ಟಿ ಮಾಡಿ ತೋರಿಸ್ರೀ. ಕಳೆದ ಐದು ವರ್ಷದಲ್ಲಿ ಯಾರಿಗಾದ್ರೂ ಒಂದು ಸಲ ಬೇಕಾಗಿದ್ದು ಎಷ್ಟಿದೆ ನೋಡೋಣ. ಅರ್ಧದಷ್ಟಾದ್ರೂ ಇದ್ರೆ ಕೋಣೆ ನಿಮ್ಮದು, ಅಮ್ಮ ತಮ್ಮನ ಮನೆಗೆ ಹೋಗ್ತಾಳೆ. ಇಲ್ಲದಿದ್ರೆ ಹಾಳೆ ಹೊರಗೆ. ಜುಲೈ ಹದಿಮೂರು, ಭಾನುವಾರ."

ಇಪ್ಪತ್ತೊಂಬತ್ತು ವರ್ಷದಿಂದ ನಗರದ ಬ್ಯಾಂಡಿನಲ್ಲಿ ಎರಡನೇ ಕ್ಲಾರಿನೆಟ್ ಊದುತ್ತಿರುವವನಿಗೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಹೆಂಡತಿ ಹಾಕುವ ಪರೀಕ್ಷೆ ಇದು. ಮುಚ್ಚಿಹೋದ ಹೋಟೆಲುಗಳಿಂದ, ಕೆಡವಿದ ನಾಟಕಶಾಲೆಗಳಿಂದ, ತೀರಿಹೋದ ವಾದಕರ ಮನೆಗಳಿಂದ ನಾನು ಹೊತ್ತು ತಂದ ಹಾಳೆಗಳು ಅವು. ತರದಿದ್ದರೆ ರದ್ದಿಗೆ ಹೋಗುತ್ತಿದ್ದವು. ಪಟ್ಟಿ ಬೇಕಂತೆ, ಪಟ್ಟಿ! ಕೊಡುತ್ತೇನೆ.

ಜೂನ್ 3, ಮಂಗಳವಾರ

ಸಂಗೀತದ ಹಾಳೆಗಳ ಪಟ್ಟಿ ಮಾಡುವುದಕ್ಕೆಂದೇ ಹುಟ್ಟಿದ ಸಾಫ್ಟ್‌ವೇರ್‌ಗಳು ಒಂದು ಡಜನ್ ಇವೆ ಎಂದು ಇಂದು ತಿಳಿಯಿತು. ಎಲ್ಲದರ ಜಾಹೀರಾತಿನಲ್ಲೂ ಒಬ್ಬ ಹುಡುಗಿ ಪಿಯಾನೋ ಮುಂದೆ ಕೂತು ಹಲ್ಲು ಕಿರಿಯುತ್ತಿದ್ದಾಳೆ. ನಿಜವಾಗಿ ನುಡಿಸುವವರು ಯಾರೂ ಹಾಗೆ ನಗುವುದಿಲ್ಲ. ಮುಂದಿನ ಸಾಲು ಏನು ಗತಿ ಕಾಣಿಸುತ್ತದೋ ಎಂದು ಮುಖ ಹುಳ್ಳಗೆ ಮಾಡಿಕೊಂಡಿರುತ್ತಾರೆ.

ಬ್ಯಾಂಡಿನಲ್ಲಿ ನನ್ನ ಹಿಂದೆ ಕೂರುವ ಟ್ರಂಪೆಟ್ಟಿನವನಿಗೆ ಎಲ್ಲರೂ ತುತ್ತೂರಿ ಎನ್ನುತ್ತಾರೆ. ಊದಿದರೂ ಅಷ್ಟೆ, ಮಾತಾಡಿದರೂ ಅಷ್ಟೆ. ಅವನ ಪುಕ್ಕಟೆ ಸಲಹೆ: "ಒಬ್ಬ ರಿಟೈರ್ ಆದ ಬಸೂನ್ ವಾದಕ ಒಂದು ಮಾಡಿದ್ದಾನಯ್ಯ, ನೋಡಕ್ಕೆ ಚೆನ್ನಾಗಿಲ್ಲ, ಕೆಲಸ ಮಾಡುತ್ತೆ." ಬಸೂನ್ ವಾದಕ ಮಾಡಿದ್ದನ್ನು ತುತ್ತೂರಿ ಮೆಚ್ಚಿದರೆ ಅದರ ಯೋಗ್ಯತೆ ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ.

ಜೂನ್ 5, ಗುರುವಾರ

ಮುದುಕಿ ಬಂದಳು. ಎಪ್ಪತ್ತೆಂಟು ವರ್ಷ, ಒಂದು ಚೀಲ, ಒಂದು ವಾಕರ್. ಮಂಚದ ಮೇಲೆ ಕೂತು ಛಾವಣಿಯವರೆಗಿನ ಕಟ್ಟುಗಳನ್ನು ಒಂದು ಸುತ್ತು ನೋಡಿದಳು. "ಇದಕ್ಕೆಲ್ಲ ಚೀಟಿ ಇಲ್ವಾ ಅಳಿಯಂದ್ರೇ?" ಅಂದಳು. ಬಂದು ಹತ್ತು ನಿಮಿಷವಾಗಿರಲಿಲ್ಲ.

ಇವಳು ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಕಳೆದ ಸಾಮಾನಿನ ಕೌಂಟರಿನಲ್ಲಿದ್ದವಳು. ಜನ ಬಸ್ಸಿನಲ್ಲಿ ಮರೆತ ಕೊಡೆ, ಚೀಲ, ಹಲ್ಲಿನ ಸೆಟ್ಟು ಇವುಗಳನ್ನು ಬರೆದಿಟ್ಟು, ಹುಡುಕಿಕೊಂಡು ಬಂದವರಿಗೆ ಹಿಂದಿರುಗಿಸುವುದು ಕೆಲಸ. ಇನ್ನು ಇಲ್ಲಿ ಇವಳನ್ನು ಇಲಾಖೆ ಎಂದೇ ಬರೆಯುತ್ತೇನೆ.

ಮೊದಲನೇ ಸಾಫ್ಟ್‌ವೇರ್ ಹಾಕಿದೆ. ಅದು ಅಸಲಿಗೆ ಪುಸ್ತಕಗಳಿಗೆ ಮಾಡಿದ್ದು, ಮೇಲೆ ಪಿಟೀಲಿನ ಚಿತ್ರ ಅಂಟಿಸಿದ್ದಾರೆ. ಪ್ರತಿಯೊಂದಕ್ಕೂ ಹದಿಮೂರು ಅಂಕಿಯ ಪುಸ್ತಕ ಸಂಖ್ಯೆ ಕೊಡು ಎಂದು ಹಠ. ಎಂಬತ್ತು ವರ್ಷದ ಹಿಂದೆ ಹೋಟೆಲಿನ ಗುಮಾಸ್ತ ಕೈಯಲ್ಲಿ ನಕಲು ಮಾಡಿದ ಜೋಡಿಕುಣಿತದ ವಾಲ್ಟ್ಜ್‌ಗೆ ಯಾವ ಸಂಖ್ಯೆ? ಹದಿಮೂರು ಸೊನ್ನೆ ಹೊಡೆದೆ. ಕೋಳಿ ಸಾಕಣೆಯ ಕೈಪಿಡಿಯ ಮುಖಪುಟ ತಂದು ತೋರಿಸಿತು. ಇನ್ನೊಂದಕ್ಕೂ ಸೊನ್ನೆ ಹೊಡೆದೆ. ಈ ಕೋಳಿ ನಿಮ್ಮಲ್ಲಿ ಆಗಲೇ ಇದೆ ಅಂದಿತು. ಕಿತ್ತು ಹಾಕಿದೆ.

ಜೂನ್ 8, ಭಾನುವಾರ

ಎರಡನೇ ಸಾಫ್ಟ್‌ವೇರ್ ಮಹಾ ಬುದ್ಧಿವಂತ. ಹಾಳೆಯ ಫೋಟೋ ತೆಗೆದರೆ ಸಾಕು, ತಾನೇ ಓದಿ, ಯಾವ ಕೃತಿ ಎಂದು ಗುರುತಿಸಿ, ನುಡಿಸಿಯೂ ತೋರಿಸುತ್ತದಂತೆ. ಒಂದು ಶೋಕಗೀತೆಯ ಫೋಟೋ ತೆಗೆದೆ. ಅದರ ಮೇಲೆ ಯಾವನೋ ಪುಣ್ಯಾತ್ಮ ಚಹಾ ಚೆಲ್ಲಿದ್ದಾನೆ. ಆ ಹನಿಗಳನ್ನೂ ಸ್ವರಗಳೆಂದು ಓದಿಕೊಂಡು, ಹೆಣದ ಹಿಂದೆ ನಾಯಿ ಬಿಟ್ಟ ಹಾಗೆ ನುಡಿಸಿತು. ಇಲಾಖೆ ಮಂಚದ ಮೇಲಿಂದ ಕಿಸಕ್ಕೆಂದು ನಕ್ಕಿತು. ಸ್ವರಲಿಪಿಯ ಒಂದಕ್ಷರ ಓದಲು ಬಾರದವಳಿಗೂ ತಪ್ಪು ಗೊತ್ತಾಯಿತು, ಅದಕ್ಕೆ ಗೊತ್ತಾಗಲಿಲ್ಲ.

ಜೂನ್ 9, ಸೋಮವಾರ

ಮೂರನೆಯದು. ಒಂದು ಹಾಡಿನ ನಾಲ್ಕು ಪ್ರತಿಗಳನ್ನು ದಾಖಲಿಸಿದೆ. ನಾಲ್ಕೂ ಬೇರೆ ಬೇರೆ ಶ್ರುತಿಯಲ್ಲಿವೆ, ಬೇರೆ ಬೇರೆ ಗಾಯಕರಿಗಾಗಿ ಬರೆದವು. ಅದು ನನ್ನನ್ನು ಕೇಳದೆ ನಾಲ್ಕನ್ನೂ ಒಂದು ಮಾಡಿ, "ನಿಮ್ಮ ಸಂಗ್ರಹವನ್ನು ಅಚ್ಚುಕಟ್ಟು ಮಾಡಿದ್ದೇವೆ!" ಎಂದು ಹೂಗುಚ್ಛದ ಚಿತ್ರ ತೋರಿಸಿತು. ಸಹಾಯವಾಣಿಗೆ ಬರೆದೆ. ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ ಎಂದು ಯಂತ್ರ ಉತ್ತರ ಕೊಟ್ಟಿತು. ನನ್ನ ಭಾವನೆ ಅದಕ್ಕೆ ಅರ್ಥವಾಗಿದ್ದರೆ ನಾಚಿಕೆಯಿಂದ ಅಲ್ಲೇ ಕೆಟ್ಟು ನಿಲ್ಲುತ್ತಿತ್ತು.

ವಾರ ಕಳೆಯಿತು. ದಾಖಲಾದ ಹಾಳೆಗಳು: ಸೊನ್ನೆ.

ಜೂನ್ 11, ಬುಧವಾರ

ತುತ್ತೂರಿ ಹೇಳಿದ್ದನ್ನೇ ಹಾಕಿದ್ದೇನೆ. ಅವನಿಗೆ ಹೇಳುವುದಿಲ್ಲ. ಬೂದು ಬಣ್ಣದ, ಸರ್ಕಾರಿ ಅರ್ಜಿಯಂತಿರುವ ಪರದೆ. ಒಂದು ಚಿತ್ರವಿಲ್ಲ, ಒಂದು ನಗುವ ಹುಡುಗಿಯಿಲ್ಲ. ಆರಿಸಿಕೊಂಡದ್ದು ನಾನಲ್ಲ, ಇಲಾಖೆ.

ಮಧ್ಯಾಹ್ನ ಬ್ಯಾಂಡಿನ ಅಭ್ಯಾಸ ಮುಗಿಸಿ ಬಂದು ಅವಳ ಮಂಚದ ಪಕ್ಕದ ಮೇಜಿನಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದೆ. ಅವಳು ಕುತ್ತಿಗೆ ಚಾಚಿ ನೋಡಿದಳು.

"ಇದ್ರಲ್ಲಿ ಕಾಲಂ ಹೆಸರು ನಾವೇ ಬರೀಬಹುದಾ?"

"ಬರೀಬಹುದು."

"ಮತ್ತಿನ್ನೇನು? ಇದೇ ಸರಿ. ಆ ಕೀಲಿಮಣೆ ಇಲ್ಲಿ ಕೊಡಿ. ನೀವು ಒಂದೊಂದೇ ತೆಗೆದು ಹೇಳ್ತಾ ಹೋಗಿ, ನಾನು ಹೊಡೀತೀನಿ. ಮಲಗಿ ಮಲಗಿ ಬೆನ್ನು ಹುಣ್ಣಾಗಿದೆ."

ಟೈಪ್ ಮಾಡುವುದು ನಿಲ್ದಾಣದಲ್ಲಿ ಕಲಿತದ್ದಂತೆ. ವೇಗ ನನಗಿಂತ ಮೂರುಪಟ್ಟು. ಸಂಖ್ಯೆ, ಕೃತಿಯ ಹೆಸರು, ಬರೆದವರು ಎಂಬ ಮೂರು ಕಾಲಂ ನಾನು ಹೇಳಿದೆ. ನಾಲ್ಕನೆಯದನ್ನು ಅವಳೇ ಬರೆದಳು: "ಮನೆಯಲ್ಲಿ ಏನಂತಾರೆ."

"ಏನಿದು?"

"ಕಳ್ಕೊಂಡೋರು ಬಂದು ಕಂಪನಿ ಹೆಸರು ಹೇಳಲ್ಲ ಅಳಿಯಂದ್ರೇ. ಜಿಪ್ಪು ಕಿತ್ತುಹೋದ ಕಂದು ಚೀಲ ಅಂತಾರೆ. ನೀವು ಇದನ್ನ ಹುಡುಕುವಾಗ ಮನಸ್ಸಲ್ಲಿ ಏನಂತ ಹುಡುಕ್ತೀರಿ?"

ಕೈಯಲ್ಲಿದ್ದದ್ದು ಒಂದು ಮಾರ್ಚ್, ಪಥಸಂಚಲನದ ಧಾಟಿ. ಬರೆದವನು ಯಾರು, ಯಾವ ವರ್ಷ ಎಂದು ಹೇಳಲು ಹೋದೆ. ನನ್ನ ಬಾಯಿಂದ "ಹಸಿರು ಮಸಿ" ಎಂದು ಬಂದುಬಿಟ್ಟಿತು. ಬರೆದುಕೊಂಡಳು. ಸಂಗೀತಕ್ಕೆ ಬಂದ ಗತಿಯೇ! ಐದನೇ ಕಾಲಂ: "ಕೊನೆಯ ಸಲ ಬೇಕೆಂದವರು." ಅದನ್ನು ಮಗಳ ಮಾತು ಕೇಳಿ ಸೇರಿಸಿದ್ದಾಳೆ. ತಾಯಿ ಮಗಳು ಸೇರಿ ಬಲೆ ಹೆಣೆದಿದ್ದಾರೆ.

ಇಂದು ಐವತ್ತೆರಡು.

ಜೂನ್ 14, ಶನಿವಾರ

ಕಾಟ ಇನ್ನೂ ಹೆಚ್ಚಾಗಿದೆ. ಕೆಲವು ಹಾಳೆಗಳಿಗೆ ಹೆಸರೂ ಇಲ್ಲ, ಹಸಿರು ಮಸಿಯೂ ಇಲ್ಲ, ಏನೂ ಇಲ್ಲ. ಮನೆಯಲ್ಲಿ ಏನಂತಾರೆ ಎಂದರೆ ಏನು ಹೇಳಲಿ? ನನಗೆ ಓದಲು ಬರುತ್ತದೆ, ಅವಳಿಗೆ ಬಾರದು.

"ಹೇಗಿದೆ ಅಂತ ಸ್ವಲ್ಪ ಊದಿ ತೋರಿಸಿ, ನಾನೇ ಬರ್ಕೋತೀನಿ," ಅಂದಳು.

ಈ ಮನೆಯಲ್ಲಿ ನಾನು ಕ್ಲಾರಿನೆಟ್ಟಿನ ಪೆಟ್ಟಿಗೆ ತೆರೆಯುವುದನ್ನು ಬಿಟ್ಟು ವರ್ಷಗಳಾಗಿವೆ. ಹೆಂಡತಿಗೆ ಪಾಳಿ, ನೆರೆಯವರಿಗೆ ಮಗು, ನನಗೂ ಬ್ಯಾಂಡಿನಲ್ಲಿ ಊದಿದ್ದೇ ಸಾಕಾಗಿರುತ್ತಿತ್ತು. ತೆರೆದು ನಾಲ್ಕು ಸಾಲು ಊದಿದೆ. ಅವಳು ಕಣ್ಣು ಮುಚ್ಚಿ ಯೋಚಿಸಿ, "ಮೆಟ್ಟಿಲು ಇಳೀತಾ ಚಪ್ಪಲಿ ಜಾರಿದ್ದು" ಎಂದು ಬರೆದುಕೊಂಡಳು. ಮುಂದಿನದಕ್ಕೆ "ಬಸ್ಸು ತಪ್ಪಿದ ಹೆಂಗಸು." ಅದರ ಮುಂದಿನದಕ್ಕೆ "ಇದು ಬೇಜಾರು, ಅರ್ಧಕ್ಕೆ ಸಾಕು." ಆ ಬೇಜಾರು ಬರೆದವನು ಒಂದು ಕಾಲದಲ್ಲಿ ದೊಡ್ಡ ಹೆಸರು ಮಾಡಿದವನು. ಹಾಗೆಂದು ಹೇಳಿದೆ. "ಇರಬಹುದು. ಮುಂದಿನದು ಊದಿ," ಅಂದಳು.

ಇನ್ನು ಮೇಲೆ ಎಲ್ಲವನ್ನೂ ಊದಬೇಕಂತೆ, ಹೆಸರಿದ್ದವನ್ನೂ, ಆಗಲೇ ಬರೆದುಕೊಂಡವನ್ನೂ. ಇಲ್ಲದಿದ್ದರೆ ಒಂದಕ್ಕೊಂದು ನ್ಯಾಯ ಆಗುವುದಿಲ್ಲವಂತೆ.

ಜೂನ್ 17, ಮಂಗಳವಾರ

ಇಂದು ಎಪ್ಪತ್ತೊಂದು. ತುಟಿ ಊದಿಕೊಂಡಿದೆ. ಬ್ಯಾಂಡ್ ಮಾಸ್ಟರ್ ಇಂದು ಅಭ್ಯಾಸದಲ್ಲಿ, ಎರಡನೇ ಕ್ಲಾರಿನೆಟ್ ಸ್ವಲ್ಪ ತಗ್ಗಿಸಿ ಅಂದ. ಇಪ್ಪತ್ತೊಂಬತ್ತು ವರ್ಷದಲ್ಲಿ ನನಗೆ ಯಾರೂ ತಗ್ಗಿಸು ಎಂದದ್ದಿಲ್ಲ, ಕೇಳಿಸುತ್ತಲೇ ಇರಲಿಲ್ಲ. ಎಲ್ಲ ಈ ಮುದುಕಿಯ ದೆಸೆಯಿಂದ.

ಜೂನ್ 20, ಶುಕ್ರವಾರ

ಐದನೇ ಕಾಲಂ ಬಗ್ಗೆ ಜಗಳವಾಯಿತು. ಪ್ರತಿ ಹಾಳೆಗೂ ಅವಳು ಕೇಳುತ್ತಾಳೆ: "ಕೊನೆಯ ಸಲ ಬೇಕೆಂದವರು?" ನಾನು ಹೇಳುತ್ತೇನೆ: "ಯಾರೂ ಇಲ್ಲ." ಬೆಳಗಿನಿಂದ ಅದೇ ಉತ್ತರ. ನೂರು ಸಲ ಯಾರೂ ಇಲ್ಲ ಎಂದು ಬಾಯಲ್ಲಿ ಹೇಳಿ ನೋಡಿ, ಆಗ ಗೊತ್ತಾಗುತ್ತದೆ.

"ಒಬ್ಬರೂ ಬರ್ಲಿಲ್ವಾ ಇದಕ್ಕೆ? ಇಷ್ಟು ವರ್ಷದಲ್ಲಿ?"

"ಬರೋದಕ್ಕೆ ಇದೇನು ನಿಮ್ಮ ಕೊಡೆ ಅಂಗಡೀನಾ?"

"ಕೊಡೆಗೇ ಬರ್ತಿದ್ರು," ಅಂದಳು. ಚುಚ್ಚಿ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಅದಕ್ಕೇ ಮೈ ಉರಿಯಿತು. ಎದ್ದು ಹೋಗಿ ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದೆ. ಬಂದಾಗ ಚಹಾ ಇಟ್ಟಿದ್ದಳು, ವಾಕರ್ ಹಿಡಿದುಕೊಂಡು ಅಡುಗೆಮನೆಯವರೆಗೆ ಹೋಗಿ. ಬಿದ್ದಿದ್ದರೆ ಮಗಳ ಮುಂದೆ ನಾನು ಉತ್ತರ ಕೊಡಬೇಕಿತ್ತು. ಬುದ್ಧಿ ಬೇಡವೇ?

ಜೂನ್ 24, ಮಂಗಳವಾರ

ಬ್ಯಾಂಡ್ ಮಾಸ್ಟರನ ಫೋನು. ಉದ್ಯಾನದ ಕಛೇರಿಗೆ ಒಂದು ಹಳೇ ವಾಲ್ಟ್ಜ್ ಆರಿಸಿದ್ದಾನೆ, ಬ್ಯಾಂಡಿನ ಬೀರುವಿನಲ್ಲಿ ಅದರ ಅರ್ಧ ಹಾಳೆಗಳಿಲ್ಲ. ನಿನ್ನ ಹತ್ತಿರ ಇರಬಹುದಾ ಎಂದ. ಇಂಥದ್ದಕ್ಕೆ ನಾನು ಇಷ್ಟು ವರ್ಷ, ಎಲ್ಲೋ ಇದೆ ಹುಡುಕ್ತೀನಿ ಎಂದು ಹೇಳಿ ಹುಡುಕದೆ ಬಿಡುತ್ತಿದ್ದೆ. ಹುಡುಕಿದರೂ ಸಿಗುತ್ತಿರಲಿಲ್ಲ. ಇಂದು ಅತ್ತೆಯತ್ತ ತಿರುಗಿ, "ಬೂಟಿನ ಗುರುತು ಬಿದ್ದದ್ದು," ಅಂದೆ. "ನಾನೂರಾ ಹನ್ನೆರಡು, ಕಿಟಕಿ ಪಕ್ಕದ ಮೂರನೇ ಕಟ್ಟು," ಅಂದಳು. ಒಂದು ನಿಮಿಷ ಹಿಡಿಯಲಿಲ್ಲ.

ಸಂಜೆ ಮಾಸ್ಟರ್ ತಾನೇ ಬಂದ. ಅತ್ತೆ ಹಾಳೆಗಳನ್ನು ಸೆರಗಿನಡಿ ಇಟ್ಟುಕೊಂಡು, "ಯಾವ ಬಣ್ಣದ ದಾರ ಕಟ್ಟಿತ್ತು ಹೇಳಿ," ಅಂದರು. ಅವನು ಕಕ್ಕಾಬಿಕ್ಕಿ.

"ಅಮ್ಮಾ, ನಾನು ಇದನ್ನ ನೋಡೇ ಇಲ್ಲ."

"ನೋಡದೇ ಇರೋದು ನಿಮ್ಮದು ಹೇಗಾಗುತ್ತೆ?"

"ನನ್ನದಲ್ಲಮ್ಮ, ಇವರದು. ನನಗೆ ಬೇಕು ಅಷ್ಟೆ."

"ಹಾಗನ್ನಿ. ಬೇಕು ಅನ್ನೋದು ಬೇರೆ ರಿಜಿಸ್ಟರು," ಎಂದು ಸಹಿ ಹಾಕಿಸಿಕೊಂಡೇ ಕೊಟ್ಟರು. ಅವನು ಮೂರು ಸಲ ಥ್ಯಾಂಕ್ಸ್ ಹೇಳಿದ, ಮೂರೂ ಅವರಿಗೆ. ಹಾಳೆ ಯಾರದು ಸ್ವಾಮಿ? ಹೊರಡುವಾಗ, ಹೀಗೆ ಪಟ್ಟಿ ಇರುವುದಾದರೆ ಎಲ್ಲವನ್ನೂ ಬ್ಯಾಂಡಿನ ಹಾಲಿನ ಮೇಲಿನ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೂ ಅಂದ. ಅವನು ಹೋದ ಮೇಲೆ ಐದನೇ ಕಾಲಮ್ಮಿನಲ್ಲಿ "ಬ್ಯಾಂಡ್ ಮಾಸ್ಟರ್" ಎಂದು ಹೊಡೆದು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿಕೊಂಡರು. ನಾನೂ ಓದಿದೆ.

ಜೂನ್ 29, ಭಾನುವಾರ

ಎಂಬತ್ತಾರು. ಸಾಫ್ಟ್‌ವೇರ್ ಎರಡು ಸಲ ಕೈಕೊಟ್ಟಿತು. ಬಸೂನ್ ವಾದಕನಿಗೆ ಶಾಪ ಹಾಕಿ ಪತ್ರ ಬರೆದೆ. ಹತ್ತು ನಿಮಿಷದಲ್ಲಿ ಸ್ವತಃ ಉತ್ತರಿಸಿದ: "ಕ್ಲಾರಿನೆಟ್ಟಿನವರೇ ಇರಬೇಕು. ಬೇರೆ ಯಾರೂ ಇಷ್ಟು ಕೆಟ್ಟದಾಗಿ ಬೈಯುವುದಿಲ್ಲ." ಅಧಿಕಪ್ರಸಂಗಿ. ಆದರೆ ಸರಿಮಾಡಿಕೊಟ್ಟ.

ಜುಲೈ 3, ಗುರುವಾರ

ಇಂದು ಕಛೇರಿಯ ತಾಲೀಮಿಗೆಂದು ನಾನು ಬರುವುದು ಎರಡು ಗಂಟೆ ತಡವಾಯಿತು. ಅತ್ತೆ ಮೇಜಿನ ಮುಂದೆ ಕೂತು, ಊದಬೇಕಾದ ಹಾಳೆಗಳನ್ನು ಸಾಲಾಗಿ ಜೋಡಿಸಿ ಬಾಗಿಲು ನೋಡುತ್ತಿದ್ದರು. ಊಟ ಮಾಡಿರಲಿಲ್ಲ. ಹಸಿವಿರಲಿಲ್ಲವಂತೆ. ನಾನು ಬಂದು ತಟ್ಟೆ ಹಾಕಿದ ಮೇಲೆ ಹಸಿವು ಎಲ್ಲಿಂದ ಬಂತೋ. ಮಕ್ಕಳಿಗಿಂತ ಕಡೆ.

ಹೆಂಡತಿಗೆ ಹೇಳಿದೆ, ನಿಮ್ಮಮ್ಮನಿಗೆ ಏನು ಬೇಕು ಎಂದು ಬಾಯಿಬಿಟ್ಟು ಹೇಳಲು ಏನು ರೋಗ ಎಂದು. ಅವಳು ಅಂದಳು: "ಅಮ್ಮ ಯಾವತ್ತೂ ತನಗೆ ಏನೂ ಬೇಕು ಅಂದಿದ್ದು ನಾನು ಕೇಳಿಲ್ಲ ಕಣ್ರೀ. ಕೌಂಟರಿನ ಆ ಕಡೆ ಇರೋರು ಬೇಕು ಅಂತಾರೆ, ಈ ಕಡೆ ಇರೋರು ಹುಡುಕಿಕೊಡ್ತಾರೆ. ಅಷ್ಟೇ ಗೊತ್ತು ಅವಳಿಗೆ."

ಇಂಥ ಜನರ ಜೊತೆ ಏಗುವುದು ಬಹಳ ಕಷ್ಟ.

ಜುಲೈ 6, ಭಾನುವಾರ

ಭಾವಮೈದ ಬಂದಿದ್ದ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದಾನೆ, ಮೊಬೈಲಿನಲ್ಲಿ ಅದರ ಹನ್ನೊಂದು ಫೋಟೋ. ಹಿಡಿಕೆಯನ್ನು ಇಷ್ಟು ಕೋನಗಳಿಂದ ನೋಡಬಹುದೆಂದು ನನಗೆ ತಿಳಿದಿರಲಿಲ್ಲ.

"ಹಗಲೆಲ್ಲ ನಾವಿಬ್ರೂ ಆಫೀಸಲ್ಲಿರ್ತೀವಿ ಭಾವ. ಅದಕ್ಕೆ ಹೊರಗಡೆಯಿಂದ ಬೀಗ ಹಾಕ್ಕೊಂಡು ಹೋಗ್ತೀವಿ, ಮೆಟ್ಟಿಲು ಕಡೆ ಹೋಗಿ ಬಿದ್ದುಬಿಟ್ರೆ ಕಷ್ಟ. ದೊಡ್ಡ ಟಿವಿ ತಂದಿದೀನಿ. ಏನಮ್ಮ, ಆಗಬಹುದಾ?"

"ಆಗಲಿ," ಅಂದರು ಅತ್ತೆ.

"ಲಿಫ್ಟ್ ಯಾವಾಗ ಹಾಕಿಸ್ತಾರೆ?" ಎಂದೆ.

"ಮಾತುಕತೆ ನಡೀತಿದೆ ಭಾವ."

ಲಿಫ್ಟಿಗೆ ಮಾತುಕತೆ ನಡೆಯುತ್ತಿರುವುದು ಆ ಕಟ್ಟಡ ಕಟ್ಟಿದ ದಿನದಿಂದ. ಇವನು ಒಳ್ಳೆಯವನೇ, ತಾಯಿಯ ಮೇಲೆ ಪ್ರೀತಿಯೂ ಇದೆ. ತಲೆಯಿಲ್ಲ ಅಷ್ಟೆ.

ಅವನು ಹೋದ ಮೇಲೆ ಕೆಲಸಕ್ಕೆ ಕೂತೆವು. ಮೂವತ್ತೊಂದು ವರ್ಷ ಒಂದು ತಪ್ಪಿಲ್ಲದೆ ರಿಜಿಸ್ಟರ್ ಬರೆದೆ ಎಂದು ಕೊಚ್ಚಿಕೊಳ್ಳುವವರು ಇಂದು ಹನ್ನೆರಡು ಸಾಲಿಗೆ ಒಂದೇ ಸಂಖ್ಯೆ ಹೊಡೆದಿದ್ದರು. ತೋರಿಸಿದೆ. "ಓ," ಎಂದು ಎಲ್ಲ ಅಳಿಸಿ ಮತ್ತೆ ಹೊಡೆದರು. ಮತ್ತೆ ತಪ್ಪು. ಇವತ್ತಿಗೆ ಸಾಕು ಎಂದು ನಾನೇ ನಿಲ್ಲಿಸಿದೆ. ಚಹಾ ತೀರಾ ಸಪ್ಪೆಯಾಗಿತ್ತು, ಅದಕ್ಕೇ ತಲೆ ಓಡಿಲ್ಲ ಎಂದು ಕಾಣುತ್ತದೆ. ನಾಳೆಯಿಂದ ಚಹಾ ನಾನೇ ಮಾಡಬೇಕು.

ಜುಲೈ 9, ಬುಧವಾರ

ತೊಂಬತ್ತು. ಬೇಗ ಬೇಗ ಮುಗಿಯುತ್ತಿದೆ. ನಾನು ಸ್ವಲ್ಪ ನಿಧಾನವಾಗಿ ಊದಿದೆ, ಅವರು ನಿಧಾನವಾಗಿ ಹೊಡೆದರು. ಪೋಲ್ಕಾ ಎಂಬ ಕುಣಿತದ ಧಾಟಿಯೊಂದಿದೆ, ತುತ್ತೂರಿಗೆ ಬಲು ಇಷ್ಟದ್ದು, ಕತ್ತೆ ಕೆಸರಲ್ಲಿ ಹಾರಿದ ಹಾಗೆ. ಅದನ್ನು ಪೂರ್ತಿ ಊದಿಸಿ, ಮತ್ತೊಮ್ಮೆ ಊದಿಸಿದರು. ಅಭಿರುಚಿ ಎಂಬುದು ಮನುಷ್ಯರಿಗೆ ಹುಟ್ಟಿನಿಂದ ಬರಬೇಕು.

ಜುಲೈ 12, ಶನಿವಾರ

ಮುಗಿಯಿತು. ಎರಡು ಸಾವಿರದ ನೂರಾ ನಲವತ್ತು. ಕೊನೆಯ ಹಾಳೆಗೆ ಅವರು ಇಟ್ಟ ಹೆಸರು "ಬಾಗಿಲು ಹಾಕಿಕೊಂಡು ಹೊರಟದ್ದು." ಕೀಲಿಮಣೆಗೆ ಬಟ್ಟೆ ಹೊದಿಸಿ, ತಮ್ಮ ಚೀಲ ತೆಗೆದು ಬಟ್ಟೆ ಮಡಿಚಲು ಕೂತರು.

ನಾಳೆ ತೀರ್ಪು. ನನಗೆ ಗೊತ್ತು, ನಾನು ಸೋತಾಗಿದೆ. ಎರಡು ಸಾವಿರಕ್ಕೂ ಮೇಲೆ "ಯಾರೂ ಇಲ್ಲ," ಒಂದು ಬ್ಯಾಂಡ್ ಮಾಸ್ಟರ್. ಹಾಳೆ ಹೊರಗೆ, ಅತ್ತೆ ಒಳಗೆ. ಮತ್ತೆ ಈ ಮನುಷ್ಯರು ಯಾಕೆ ಬಟ್ಟೆ ಮಡಿಚುತ್ತಿದ್ದಾರೋ! ಕೇಳಿದರೆ, "ಸುಮ್ನೆ, ಒಪ್ಪವಾಗಿರ್ಲಿ ಅಂತ," ಅಂದರು.

ಜುಲೈ 13, ಭಾನುವಾರ

ಸಾವಧಾನವಾಗಿ ಬರೆಯಬೇಕು.

ತಿಂಡಿಯಾದ ಮೇಲೆ ಹೆಂಡತಿ ಹಿಂದಿನ ಕೋಣೆಗೆ ಬಂದು ಪರದೆಯ ಮುಂದೆ ಕೂತಳು. ಅತ್ತೆ ಮಂಚದ ಮೇಲೆ. ನಾನು ಬಾಗಿಲಲ್ಲಿ. ಅವಳು ಐದನೇ ಕಾಲಂ ಓದುತ್ತಾ ಕೆಳಗೆ ಹೋದಳು. ಹೋಗುತ್ತಾ ಹೋಗುತ್ತಾ ಮುಖ ಸಣ್ಣದಾಯಿತು.

"ಸರಿ," ಅಂದಳು. "ಎಲ್ಲ ಬೇಕಾಗಿರೋದೇ. ನಾನೇ ತಪ್ಪು ತಿಳ್ಕೊಂಡಿದ್ದೆ. ಕೋಣೆ ನಿಮ್ಮದೇ ರೀ. ತಮ್ಮನಿಗೆ ಫೋನ್ ಮಾಡ್ತೀನಿ."

ನನಗೆ ತಲೆಬುಡ ತಿಳಿಯಲಿಲ್ಲ. ಬಗ್ಗಿ ನೋಡಿದೆ. ಕೊನೆಯ ಸಲ ಬೇಕೆಂದವರು: ಅಳಿಯಂದಿರು, ಜೂನ್ 14. ಅಳಿಯಂದಿರು, ಜೂನ್ 14. ಅಳಿಯಂದಿರು, ಜೂನ್ 15. ನಡುವೆ ಒಂದು ಬ್ಯಾಂಡ್ ಮಾಸ್ಟರ್ ಬಿಟ್ಟರೆ ಮೊದಲಿಂದ ಕೊನೆಯವರೆಗೆ ಅದೇ. ನಾನು ಯಾರೂ ಇಲ್ಲ, ಯಾರೂ ಇಲ್ಲ ಎಂದು ಗಂಟಲು ಹರಿದುಕೊಂಡ ಒಂದೊಂದು ಸಾಲಿನಲ್ಲೂ ಇವರು ಕೂತು ನನ್ನನ್ನು ಹೊಡೆದಿದ್ದರು. ನಾನು ಬ್ಯಾಂಡಿಗೆ ಹೋದ ಬೆಳಗುಗಳಲ್ಲಿ ಒಂದೊಂದೇ ತಿದ್ದಿರಬೇಕು. ನನ್ನ ಹಾಳೆಗಳಿಗೆ ಕೋಣೆ ಉಳಿಸಿ, ತಾವು ಮೂರನೇ ಮಹಡಿಯ ಬೀಗದೊಳಗೆ ಹೋಗಲು ಬೇಕಾದ ಪುರಾವೆಯನ್ನು ತಾವೇ ಕೈಯಾರೆ ತಯಾರಿಸಿಕೊಟ್ಟಿದ್ದರು.

ನಾನು ಗೆದ್ದಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಸುಳ್ಳು!" ಎಂದೆ. ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ, ಹೆಂಡತಿ ಬೆಚ್ಚಿದಳು. "ಈ ಪಟ್ಟಿ ಪೂರ್ತಿ ಸುಳ್ಳು. ನಾನು ಯಾವತ್ತು ಬೇಕು ಅಂದೆ ಅತ್ತೆ?"

"ನಾನು ಸುಳ್ಳು ಬರೆಯೋಳಲ್ಲ ಅಳಿಯಂದ್ರೇ." ಅವರಿಗೂ ಸಿಟ್ಟು ಬಂದಿತ್ತು. "ಕೌಂಟರಿನಲ್ಲಿ ಮೂವತ್ತೊಂದು ವರ್ಷ ಮುಖ ನೋಡಿದೀನಿ. ಊದುವಾಗ ನಿಮ್ಮ ಮುಖಾನೂ ನೋಡಿದೀನಿ. ಕಳೆದಿದ್ದು ಕೈಗೆ ಸಿಕ್ಕೋರು ಹಾಗೇ ಇರ್ತಾರೆ. ಬಾಯಲ್ಲಿ ಹೇಳದಿದ್ರೆ ಏನಾಯ್ತು?"

"ಊದಿ ಅಂದೋರು ಯಾರು? ನಾನಾ? ನನಗೆ ಬೇಕಾಗಿದ್ರೆ ಇಪ್ಪತ್ತು ವರ್ಷದಲ್ಲಿ ಒಂದು ದಿನ ದಾರ ಬಿಚ್ಚುತ್ತಿದ್ದೆ. ಎರಡು ಸಾವಿರ ಸಲ ಊದಿ ಅಂದೋರು ನೀವು. ಆ ಕತ್ತೆ ಪೋಲ್ಕಾನ ಎರಡು ಸಲ ಊದಿಸಿದೋರು ನೀವು. ಬೇಕೆಂದವರು ನೀವು! ನೀವು ಅಲ್ಲಿ ಹೋಗಿ ಟಿವಿ ಮುಂದೆ ಕೂತ್ರೆ, ಈ ರಾಶಿ ಇಟ್ಕೊಂಡು ನಾನು ಏನು ಮಾಡ್ಲಿ, ಯಾರಿಗೆ ಊದ್ಲಿ?"

ಇಷ್ಟು ಹೇಳಿ ಮೂಗು ಒರೆಸಿಕೊಂಡೆ. ಧೂಳು. ಆ ಕೋಣೆಯಲ್ಲಿ ವಿಪರೀತ ಧೂಳು.

"ಹಾಳೆ ಬ್ಯಾಂಡಿನ ಹಾಲಿಗೆ ಹೋಗ್ಲಿ," ಅಂದೆ ಹೆಂಡತಿಗೆ. "ಮೇಲಿನ ಕೋಣೆ ಖಾಲಿ ಇದೆ. ಪಟ್ಟಿ ಇರೋದಾದ್ರೆ ಇಟ್ಕೋತೀನಿ ಅಂತ ಮಾಸ್ಟರ್ ಹೇಳಿದ್ದ. ನಾಳೇನೇ ಹೋಗ್ಲಿ."

"ರೀ, ನಿಮಗೇನಾಯ್ತು?" ಅಂದಳು ಹೆಂಡತಿ.

"ಬೇಡ ಅಳಿಯಂದ್ರೇ," ಅಂದರು ಅತ್ತೆ. "ನನಗೋಸ್ಕರ ಬೇಡ. ಎಲ್ಲಾದ್ರೂ ಇರ್ತೀನಿ ನಾನು."

"ಅದೆಲ್ಲ ನನಗೆ ಹೇಳಬೇಡಿ. ಇಲ್ಲಿರೋದು ನಿಮಗೆ ಬೇಕೋ ಬೇಡವೋ, ಅದೊಂದು ಹೇಳಿ. ಒಂದೇ ಮಾತು."

ಅವರು ಮಗಳನ್ನು ನೋಡಿದರು, ವಾಕರ್ ನೋಡಿದರು, ಮಡಿಲಲ್ಲಿದ್ದ ಕೈ ನೋಡಿಕೊಂಡರು. ಅಷ್ಟು ಹೊತ್ತು ನಾನು ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದೆ, ಅವರು ಬೇಡ ಎಂದುಬಿಟ್ಟರೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ.

"ಬೇಕು," ಅಂದರು.

ಎಷ್ಟು ಸಣ್ಣಗೆ ಹೇಳಿದರೆಂದರೆ ಹೆಂಡತಿ, "ಏನಮ್ಮಾ?" ಎಂದು ಇನ್ನೊಮ್ಮೆ ಕೇಳಿದಳು. ಈ ಸಲ ಗಟ್ಟಿಯಾಗಿ ಹೇಳಿದರು, ಆಮೇಲೆ ಇಬ್ಬರೂ ಅಳಲು ಕೂತರು. ನಾನು ಚಹಾ ಮಾಡಲು ಹೋದೆ.

ಜುಲೈ 16, ಬುಧವಾರ

ಮೂರು ದಿನದಿಂದ ಹೊತ್ತದ್ದೇ ಹೊತ್ತದ್ದು. ಬೆನ್ನು ಎರಡಾಗಿದೆ. ತುತ್ತೂರಿ ಸಹಾಯಕ್ಕೆ ಬಂದು ಮಾತಲ್ಲೇ ಅರ್ಧ ಕಟ್ಟು ಹೊತ್ತ. ಬಸೂನ್ ವಾದಕನ ಸಾಫ್ಟ್‌ವೇರಿನಲ್ಲಿ ಎಲ್ಲ ಹಾಳೆಗಳ ಜಾಗವನ್ನೂ ಒಟ್ಟಿಗೆ ಬದಲಿಸುವ ದಾರಿಯೇ ಇಲ್ಲ. "ಮನೆ" ಎಂಬುದನ್ನು ಅಳಿಸಿ "ಬ್ಯಾಂಡ್ ಹಾಲ್" ಎಂದು ಎರಡು ಸಾವಿರದ ನೂರಾ ನಲವತ್ತು ಸಲ ಹೊಡೆಯಬೇಕು. ಇದನ್ನು ಮಾಡಿದ ಮಹಾನುಭಾವನ ಕೈಗೇ ಕೊಟ್ಟು ಹೊಡೆಸಬೇಕು. ಅತ್ತೆ ಹೊಡೆಯುತ್ತಿದ್ದಾರೆ. ಐದನೇ ಕಾಲಮ್ಮನ್ನೂ ಜೊತೆಗೇ ತಿದ್ದಿಸುತ್ತಿದ್ದೇನೆ. "ಅತ್ತೆ" ಎಂದು ಹೊಡೆಯಲು ನಾಚಿಕೆಯಂತೆ, "ಮನೆಯವರು" ಎಂದು ಹೊಡೆಯುತ್ತಾರಂತೆ. ಏನಾದರೂ ಮಾಡಿಕೊಳ್ಳಲಿ.

ಕೋಣೆ ಖಾಲಿ ಖಾಲಿ ಕಾಣುತ್ತದೆ. ಕಿಟಕಿ ಇಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ವಾಕರ್ ಹಿಡಿದು ಈ ಗೋಡೆಯಿಂದ ಆ ಗೋಡೆಗೆ ಹದಿನೇಳು ಹೆಜ್ಜೆ, ಬೆಳಗ್ಗೆಯಿಂದ ಎಣಿಸುತ್ತಾ ಓಡಾಡುತ್ತಿದ್ದಾರೆ.

ಇದು ಮುಗಿಯಿತು ಎಂದುಕೊಂಡರೆ, ಮಧ್ಯಾಹ್ನ ಹೊರಡುವಾಗ ನನ್ನ ಕೈಗೊಂದು ಚೀಟಿ ತುರುಕಿದರು. ಇನ್ನು ಮೇಲೆ ದಿನಕ್ಕೆ ಐದು ಹಾಳೆಗಳನ್ನು ಹಾಲಿನಿಂದ ತಂದು, ಊದಿ, ಮಾರನೇ ದಿನ ಹಿಂದಿರುಗಿಸಬೇಕಂತೆ. ಮೇಲೆ ದಪ್ಪಕ್ಷರದಲ್ಲಿ "ನನಗೆ ಬೇಕು" ಎಂದು ಬರೆದು, ಅಡಿಗೆರೆ ಎಳೆದು, ಕೆಳಗೆ ಸಹಿ ಬೇರೆ. ಮೊದಲನೆಯದೇ ಆ ದರಿದ್ರ ಪೋಲ್ಕಾ. ಹಾಲಿನಲ್ಲಿ ಅದನ್ನು ತೆಗೆಯುವಾಗ ತುತ್ತೂರಿ ನೋಡಿಬಿಟ್ಟ, "ಏನಯ್ಯ, ಕೊನೆಗೂ ರುಚಿ ಹತ್ತಿತಾ?" ಎಂದ. ಹೌದು ಎಂದು ಹೇಳಿ ತಂದೆ.